ಉಗುಳು ಅಸಭ್ಯವಾದ ಬಗೆ

ನಾಲ್ಕು ಜನರೆದುರು ಉಗುಳುವವನನ್ನು ಕಂಡರೆ ನಮಗೆ ಹೇಸಿಗೆಯಾಗುತ್ತದೆ. ಆದರೆ ಐದು ಶತಮಾನಗಳ ಹಿಂದಿನ ಯುರೋಪಿನಲ್ಲಿ ಬಾಯಿಗೆ ಬಂದ ಉಗುಳನ್ನು ನುಂಗುವುದೇ ಅಸಭ್ಯ ಎನಿಸಿತ್ತು. ಹುಡುಗರ ನಡತೆಯ ಬಗ್ಗೆ ವಿದ್ವಾಂಸ ಎರಾಸ್ಮಸ್ ಲ್ಯಾಟಿನ್‌ನಲ್ಲಿ ಬರೆದ 1530ರ ಪುಸ್ತಕ ಹೇಳುವುದು ಹಾಗೆಯೇ. ಉಗುಳಿ, ಆದರೆ ಯಾರ ಮೇಲೂ ಸಿಡಿಯದಂತೆ ಮುಖ ತಿರುಗಿಸಿ. ನೆಲಕ್ಕೆ ಬಿದ್ದದ್ದು ಅಸಹ್ಯವಾಗಿದ್ದರೆ ಕಾಲಿನಿಂದ ತಿಕ್ಕಿಬಿಡಿ. ಆಗ ರೋಗಾಣುವಿನ ಸುದ್ದಿಯೇ ಇರಲಿಲ್ಲ, ಎದುರಿನವರ ಮರ್ಯಾದೆಯಷ್ಟೇ ಲೆಕ್ಕಕ್ಕಿತ್ತು. ಇಂಥ ಹಳೆಯ ಪುಸ್ತಕಗಳನ್ನು ಜೋಡಿಸಿ ಓದಿದ ಸಮಾಜಶಾಸ್ತ್ರಜ್ಞ ನಾರ್ಬರ್ಟ್ ಎಲಿಯಾಸ್, ನಾಚಿಕೆ ಮೊದಲು ಬಂತು, ಆರೋಗ್ಯದ ಕಾರಣ ಆಮೇಲೆ ಸೇರಿತು ಎಂದು 1939ರಲ್ಲಿ ವಾದಿಸಿದರು. ನನಗೆ ಈ ಮಾತು ಸರಿಯೆನಿಸುತ್ತದೆ.

ಆರೋಗ್ಯದ ಕಾರಣ ಸಿಕ್ಕಿದ್ದು ಬರ್ಲಿನ್‌ನಲ್ಲಿ. 1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟರು. ಒಣಗಿದ ಕಫ ದೂಳಾಗಿ ರೋಗ ಹರಡುತ್ತದೆಂಬ ಭಯ ಹಬ್ಬಿತು. 1896ರಲ್ಲಿ ನ್ಯೂಯಾರ್ಕ್ ನಗರ ಸಾರ್ವಜನಿಕ ಜಾಗಗಳಲ್ಲಿ ಉಗುಳುವುದನ್ನು ನಿಷೇಧಿಸಿತು. ನೆಲ ಗುಡಿಸುವ ಉದ್ದ ಲಂಗದ ಅಂಚು ಕೂಡ ಅನುಮಾನಕ್ಕೆ ಗುರಿಯಾಯಿತು. ಜರ್ಮನಿಯಲ್ಲಿ ರೋಗಿಗಳು ಜೇಬಿನಲ್ಲಿ ನೀಲಿ ಗಾಜಿನ ಪುಟ್ಟ ಉಗುಳುಬಾಟಲಿ ಇಟ್ಟುಕೊಂಡು ಓಡಾಡಿದರು. ಅಮೆರಿಕದ ಹೋಟೆಲು, ರೈಲು, ಶಾಸನಸಭೆಗಳಲ್ಲೆಲ್ಲ ತಂಬಾಕು ಜಗಿಯುವವರಿಗಾಗಿ ಇಟ್ಟಿದ್ದ ಪೀಕದಾನಿಗಳು ಕ್ರಮೇಣ ಮರೆಯಾದವು.

ನಮ್ಮಲ್ಲಿ ಮನೆಗೆ ಬಂದವರಿಗೆ ಎಲೆಅಡಿಕೆ ಕೊಡದಿದ್ದರೇ ಅಗೌರವ. ಉಳ್ಳವರ ಮನೆಗಳಲ್ಲಿ ಅದರ ಜೊತೆಗೇ ಪೀಕದಾನಿಯೂ ಇರುತ್ತಿತ್ತು. ಉಳಿದವರು ಜಗಲಿಯಿಂದ ಅಂಗಳಕ್ಕೆ ಉಗುಳುತ್ತಿದ್ದರು, ಅದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಅಂಗಳದ ಜಾಗದಲ್ಲಿ ಬಸ್ ನಿಲ್ದಾಣ, ಕಚೇರಿಯ ಮೆಟ್ಟಿಲು ಬಂದವು, ಎಲೆಯ ಜಾಗಕ್ಕೆ ಗುಟ್ಕಾ ಬಂತು. ಉಗುಳುವ ಅಭ್ಯಾಸ ಉಳಿಯಿತು, ಪೀಕದಾನಿ ಉಳಿಯಲಿಲ್ಲ. ಜಗಿಯುವುದನ್ನು ಎಲ್ಲೆಡೆ ಮಾರಲು ಬಿಟ್ಟು, ಉಗುಳಲು ಒಂದು ಮೂಲೆಯನ್ನೂ ಕೊಡದೆ, ಉಗುಳುವವನನ್ನು ಮಾತ್ರ ಅನಾಗರಿಕನೆಂದು ಬೈಯುವುದು ನ್ಯಾಯವಲ್ಲ ಎಂದೇ ನಾನು ನಂಬಿದ್ದೇನೆ.

ಕೊರೋನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಉಗುಳುವುದಕ್ಕೆ ದಂಡ ಹಾಕಬೇಕೆಂದು ಕೇಂದ್ರ ಗೃಹ ಸಚಿವಾಲಯ ನಿರ್ದೇಶನ ಕೊಟ್ಟಿತು. ಆದರೆ ಕಟ್ಟಡದ ಮಾಲೀಕರು ದಂಡವನ್ನು ನೆಚ್ಚಿಕೊಂಡವರಲ್ಲ. ಮೆಟ್ಟಿಲ ಮೂಲೆಯಲ್ಲಿ ಗಣಪತಿ, ಶಿಲುಬೆ, ಮೆಕ್ಕಾದ ಚಿತ್ರಗಳ ಟೈಲ್ಸನ್ನು ಸಾಲಾಗಿ ಕೂರಿಸುತ್ತಾರೆ. ರೋಗದ ಎಚ್ಚರಿಕೆಯನ್ನಲ್ಲ, ಎರಾಸ್ಮಸ್‌ನಂತೆ ಎದುರಿಗಿರುವವರ ಮೇಲಿನ ಗೌರವವನ್ನೇ ಅವರು ನಂಬಿದ್ದಾರೆ.