ದೀರ್ಘಾವಧಿ ಬೆಂಬಲದ ಆವೃತ್ತಿಗಳು: ಉಚಿತ ತಂತ್ರಾಂಶಕ್ಕೂ ಅವಧಿಯುಂಟು

ದಾಸ್ತಾನಿನ ಲೆಕ್ಕ, ಬಿಲ್ಲಿಂಗ್, ವೇತನಪಟ್ಟಿ ಮುಂತಾದ ಕೆಲಸಗಳ ಸರ್ವರ್‌ಗಳಲ್ಲಿ ಮುಕ್ತ ತಂತ್ರಾಂಶಗಳ ಬಳಕೆ ಇಂದು ಸಾಮಾನ್ಯವಾಗಿದೆ. ಪರವಾನಗಿ ಶುಲ್ಕವಿಲ್ಲದಿರುವುದು ಇದಕ್ಕೆ ಪ್ರಮುಖ ಕಾರಣ. ಆದರೆ ಉದ್ಯಮಿಯು ಬೆಲೆಯಷ್ಟೇ ಮುಖ್ಯವಾಗಿ ವಿಚಾರಿಸಬೇಕಾದುದು ಮತ್ತೊಂದಿದೆ. ಆಯ್ದುಕೊಂಡ ಆವೃತ್ತಿಗೆ ಬೆಂಬಲ ಎಲ್ಲಿಯವರೆಗೆ, ಮತ್ತು ಆ ಹೊಣೆ ಯಾರದು?

ಉಬುಂಟು ತೋರಿದ ದಾರಿ

2004ರ ಅಕ್ಟೋಬರ್‌ನಲ್ಲಿ ಆರಂಭವಾದ ಉಬುಂಟು ಲಿನಕ್ಸ್, ಆರು ತಿಂಗಳಿಗೊಂದು ಆವೃತ್ತಿಯನ್ನು ಹೊರತರುವ ಪದ್ಧತಿಯನ್ನು ಅನುಸರಿಸಿತು. ಪ್ರತಿಯೊಂದಕ್ಕೂ ಆಗ ದೊರೆಯುತ್ತಿದ್ದುದು 18 ತಿಂಗಳ ಬೆಂಬಲ. ಉತ್ಸಾಹಿಗಳಿಗೆ ಇದು ಹಿತವಾದರೂ, ಪದೇಪದೇ ವ್ಯವಸ್ಥೆ ಬದಲಿಸಲಾರದ ಕಚೇರಿಗಳಿಗೆ ತೊಡಕಾಗಿತ್ತು. 2006ರ ಜೂನ್‌ನಲ್ಲಿ ಬಂದ 6.06 ಆವೃತ್ತಿಯು ಡೆಸ್ಕ್‌ಟಾಪ್‌ಗೆ ಮೂರು, ಸರ್ವರ್‌ಗೆ ಐದು ವರ್ಷಗಳ ಭರವಸೆ ನೀಡಿತು. 2012ರ 12.04ರಿಂದ ಎರಡಕ್ಕೂ ಐದು ವರ್ಷಗಳಾದವು. ಶುಲ್ಕ ತೆತ್ತು ಅವಧಿಯನ್ನು ಇನ್ನಷ್ಟು ವಿಸ್ತರಿಸಿಕೊಳ್ಳುವ ಸೌಲಭ್ಯವೂ ಮುಂದೆ ಬಂದಿತು.

ಇಂತಹ ಆವೃತ್ತಿಗೆ ಹೊಸ ಸೌಲಭ್ಯಗಳನ್ನು ಸಾಮಾನ್ಯವಾಗಿ ಸೇರಿಸುವುದಿಲ್ಲ. ಹೊಸ ಆವೃತ್ತಿಯಲ್ಲಿ ಸರಿಪಡಿಸಿದ ಭದ್ರತಾ ದೋಷದ ಪರಿಹಾರವನ್ನಷ್ಟೇ ಹಳೆಯದಕ್ಕೆ ಹೊಂದಿಸಿ ಅಳವಡಿಸಲಾಗುತ್ತದೆ. ಆದುದರಿಂದ ನಡೆಯುತ್ತಿರುವ ವ್ಯವಹಾರಕ್ಕೆ ಧಕ್ಕೆಯಾಗುವ ಸಂಭವ ಕಡಿಮೆ.

ಭರವಸೆಯ ಬೆಲೆ

ಈ ಕಾರ್ಯ ಶ್ರಮಸಾಧ್ಯವಾದುದು. ವರ್ಷಗಳು ಕಳೆದಂತೆ ಹಳೆಯ ಹಾಗೂ ಹೊಸ ಸಂಕೇತಗಳ ನಡುವಿನ ಅಂತರ ಹೆಚ್ಚುತ್ತದೆ. ಪರಿಹಾರವನ್ನು ಹೊಂದಿಸುವುದು ಕಠಿಣವಾಗುತ್ತದೆ. 2017ರಲ್ಲಿ ಆರು ವರ್ಷಗಳಿಗೆ ವಿಸ್ತರಿಸಲಾದ ಲಿನಕ್ಸ್ ಕರ್ನೆಲ್ ಬೆಂಬಲವನ್ನು ಮರಳಿ ಎರಡು ವರ್ಷಗಳಿಗೆ ಇಳಿಸುವ ನಿರ್ಧಾರವು 2023ರಲ್ಲಿ ಪ್ರಕಟವಾದಾಗ, ನಿರ್ವಾಹಕರ ಮೇಲಿನ ಹೊರೆಯೂ ಚರ್ಚೆಯ ಮುಂಚೂಣಿಯಲ್ಲಿತ್ತು.

ಸೆಂಟ್‌ಓಎಸ್‌ನ ನಿದರ್ಶನ ಇನ್ನೂ ಕಟುವಾದುದು. 2019ರಲ್ಲಿ ಬಿಡುಗಡೆಯಾದ ಅದರ 8ನೆಯ ಆವೃತ್ತಿಗೆ 2029ರವರೆಗೆ ಬೆಂಬಲವಿರುವುದೆಂದು ಬಳಕೆದಾರರು ನಂಬಿದ್ದರು. 2021ರ ಅಂತ್ಯಕ್ಕೇ ಅದು ಮುಗಿಯುವುದೆಂದು 2020ರ ಡಿಸೆಂಬರ್‌ನಲ್ಲಿ ಘೋಷಣೆಯಾಯಿತು. ಎಂಟು ವರ್ಷಗಳ ಲೆಕ್ಕಾಚಾರ ಒಂದೇ ವರ್ಷಕ್ಕೆ ಕುಗ್ಗಿತು.

ಉದ್ದಿಮೆಗಳು ಗಮನಿಸಬೇಕಾದುದು

ವಿಮಾ ಪಾಲಿಸಿಯ ನವೀಕರಣ ದಿನಾಂಕದಂತೆ, ಪ್ರತಿ ತಂತ್ರಾಂಶದ ಬೆಂಬಲ ಮುಗಿಯುವ ದಿನಾಂಕವನ್ನೂ ದಾಖಲಿಸಿಡುವುದು ಲೇಸು. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳು ಎರಡು ವರ್ಷಗಳಿಗೊಮ್ಮೆ ಬರುವುದರಿಂದ, ಮುಂದಿನದು ಬಂದಾಗಲೂ ಹಿಂದಿನದಕ್ಕೆ ಸುಮಾರು ಮೂರು ವರ್ಷಗಳ ಬೆಂಬಲ ಉಳಿದಿರುತ್ತದೆ. ಬ್ಯಾಕಪ್, ಪರೀಕ್ಷೆ, ಸಿಬ್ಬಂದಿ ತರಬೇತಿಗಳನ್ನು ಈ ಬಿಡುವಿನಲ್ಲೇ ಮುಗಿಸಿ, ಅದರ ವೆಚ್ಚವನ್ನು ವಾರ್ಷಿಕ ಆಯವ್ಯಯದಲ್ಲಿ ತೋರಿಸಬೇಕು. ಅದರ ಮೇಲೆ ನಡೆಯುವ ಲೆಕ್ಕಪತ್ರ ತಂತ್ರಾಂಶವು ಹೊಸ ಆವೃತ್ತಿಗೆ ಹೊಂದುವುದೇ ಎಂಬುದನ್ನು ಅದರ ಮಾರಾಟಗಾರರಿಂದ ಮೊದಲೇ ಖಚಿತಪಡಿಸಿಕೊಳ್ಳಬೇಕು.

ದೀರ್ಘಾವಧಿ ಬೆಂಬಲವು ಬದಲಾವಣೆಯನ್ನು ತಪ್ಪಿಸುವುದಿಲ್ಲ. ಸಿದ್ಧತೆಗೆ ಕಾಲಾವಕಾಶ ಒದಗಿಸುತ್ತದೆ. ಆ ಅವಕಾಶವನ್ನು ನಿದ್ರೆಯಲ್ಲಿ ಕಳೆದವರಿಗೆ ಉಚಿತ ತಂತ್ರಾಂಶವೂ ದುಬಾರಿಯಾದೀತು.