ಮನೆಯ ಸಂಗಾತಿ ಮತ್ತು ಕಾವಲು ನಾಯಿ ತಳಿಗಳು

ಮನೆಯ ಸಂಗಾತಿ ಮತ್ತು ಕಾವಲು ನಾಯಿ ತಳಿಗಳು ಎಂದರೆ ಕುಟುಂಬದೊಂದಿಗೆ ಹೊಂದಿಕೊಂಡು ಬಾಳುವುದರ ಜೊತೆಗೆ ಮನೆ, ತೋಟ ಹಾಗೂ ಮನೆಮಂದಿಯ ರಕ್ಷಣೆಗೂ ನೆರವಾಗುವ ಸಾಕುನಾಯಿ ತಳಿಗಳು. ಭಾರತದಲ್ಲಿ ಈ ಉದ್ದೇಶಕ್ಕಾಗಿ ಸಾಕುವ ವಿದೇಶಿ ತಳಿಗಳಲ್ಲಿ ಜರ್ಮನ್ ಶೆಫರ್ಡ್, ಡಾಬರ್‌ಮನ್, ರಾಟ್‌ವೀಲರ್ ಮತ್ತು ಲ್ಯಾಬ್ರಡಾರ್ ಮುಖ್ಯವಾದವು. ದೇಶೀ ತಳಿಗಳಲ್ಲಿ ಮುಧೋಳ ಮತ್ತು ರಾಜಪಾಳಯಂ ಹೆಸರಾಗಿವೆ. ಸ್ನೇಹಶೀಲತೆ ಮತ್ತು ಕಾವಲಿನ ಗುಣ ಒಂದೇ ತಳಿಯಲ್ಲಿ ಸಮಪ್ರಮಾಣದಲ್ಲಿ ಕಂಡುಬರುವುದು ವಿರಳ. ಎಲ್ಲ ಮನೆಗಳಿಗೂ ಒಪ್ಪುವ ಏಕೈಕ ಉತ್ತಮ ತಳಿ ಎಂಬುದಿಲ್ಲ. ತಳಿಯ ಮೂಲ ಉದ್ದೇಶ, ಸಾಕುವವರ ಜೀವನಕ್ರಮ ಮತ್ತು ಮರಿಯನ್ನು ಬೆಳೆಸುವ ರೀತಿ ಇವು ಮೂರೂ ಸೇರಿ ನಾಯಿಯ ಉಪಯುಕ್ತತೆಯನ್ನು ನಿರ್ಧರಿಸುತ್ತವೆ.

ಕಾವಲಿನ ಬಗೆಗಳು

ಸಾಮಾನ್ಯ ಮಾತಿನಲ್ಲಿ ಕಾವಲು ನಾಯಿ ಎಂಬ ಒಂದೇ ಪದ ಬಳಕೆಯಲ್ಲಿದ್ದರೂ ಅದರಲ್ಲಿ ಮೂರು ಬೇರೆ ಬೇರೆ ಕೆಲಸಗಳು ಅಡಗಿವೆ.

ಮೊದಲನೆಯದು ಎಚ್ಚರಿಸುವುದು. ಅಪರಿಚಿತರ ಸುಳಿವು ಸಿಕ್ಕಾಗ ಬೊಗಳಿ ಮನೆಯವರ ಗಮನ ಸೆಳೆಯುವುದು ಇದರ ವ್ಯಾಪ್ತಿ. ಇದಕ್ಕೆ ದೇಹಬಲ ಬೇಕಿಲ್ಲ, ಚುರುಕಾದ ಕಿವಿ ಸಾಕು. ಭಾರತೀಯ ಸ್ಪಿಟ್ಜ್‌ನಂತಹ ಸಣ್ಣ ತಳಿಗಳೂ ಊರಿನ ನಾಟಿ ನಾಯಿಗಳೂ ಈ ಕೆಲಸವನ್ನು ಸಮರ್ಥವಾಗಿ ಮಾಡುತ್ತವೆ. ಎರಡನೆಯದು ತಡೆಯುವುದು. ಇಲ್ಲಿ ನಾಯಿಯ ಗಾತ್ರ, ನಿಲುವು ಮತ್ತು ಧೈರ್ಯವೇ ಆಗಂತುಕನನ್ನು ಹಿಂದೆ ಸರಿಯುವಂತೆ ಮಾಡುತ್ತವೆ. ಮೂರನೆಯದು ಆಜ್ಞೆಯ ಮೇರೆಗೆ ಎದುರಾಳಿಯನ್ನು ಹಿಡಿಯುವುದು ಮತ್ತು ಆಜ್ಞೆಯಾದ ಕೂಡಲೇ ಬಿಡುವುದು. ಇದು ಪೊಲೀಸ್ ಮತ್ತು ಸೇನಾ ನಾಯಿಗಳಿಗೆ ನುರಿತ ತರಬೇತುದಾರರು ಕಲಿಸುವ ವಿದ್ಯೆ. ಬಹುತೇಕ ಮನೆಗಳಿಗೆ ಮೊದಲ ಎರಡು ಬಗೆಗಳೇ ಸಾಕಾಗುತ್ತವೆ. ಅರೆಬರೆ ತರಬೇತಿಯಿಂದ ಕಚ್ಚಲು ಕಲಿತ ನಾಯಿ ಕಳ್ಳನಿಗಿಂತ ಮನೆಗೆ ಬರುವ ನೆಂಟರಿಗೆ ಮತ್ತು ಅಂಚೆಯವರಿಗೆ ಹೆಚ್ಚು ಅಪಾಯಕಾರಿ.

ಇತಿಹಾಸ

ಮನುಷ್ಯ ಪಳಗಿಸಿದ ಪ್ರಾಣಿಗಳಲ್ಲಿ ನಾಯಿಯೇ ಮೊದಲನೆಯದು. ಜರ್ಮನಿಯ ಬಾನ್ ನಗರದ ಬಳಿಯ ಓಬರ್‌ಕಾಸೆಲ್‌ನಲ್ಲಿ ಮನುಷ್ಯರೊಂದಿಗೆ ಹೂಳಲಾಗಿದ್ದ, ಸುಮಾರು 14,000 ವರ್ಷ ಹಳೆಯದಾದ ನಾಯಿಯ ಅವಶೇಷ ದೊರೆತಿದೆ. ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಕೊಲುಮೆಲ್ಲಾ ತನ್ನ ಕೃಷಿಗ್ರಂಥದಲ್ಲಿ ಕೆಲಸಕ್ಕೆ ತಕ್ಕ ನಾಯಿಯ ಆಯ್ಕೆಯನ್ನು ಚರ್ಚಿಸಿದ್ದಾನೆ. ಹಗಲಿನಲ್ಲಿ ಭೀಕರವಾಗಿ ಕಾಣುವ, ಇರುಳಿನಲ್ಲಿ ಕಣ್ಣಿಗೆ ಬೀಳದ ಕಪ್ಪು ನಾಯಿ ಮನೆಯ ಕಾವಲಿಗೆ ಸೂಕ್ತವೆಂದೂ, ಮಬ್ಬಿನಲ್ಲಿ ತೋಳವೆಂದು ತಪ್ಪು ತಿಳಿಯದಿರಲು ಕುರುಬರಿಗೆ ಬಿಳಿಯ ನಾಯಿ ಲೇಸೆಂದೂ ಆತನ ಅಭಿಪ್ರಾಯ.

ಕರ್ನಾಟಕದಲ್ಲಿ ನಾಯಿಯ ನಿಷ್ಠೆಗೆ ಸಂಬಂಧಿಸಿದ ಪ್ರಸಿದ್ಧ ದಾಖಲೆ ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಕನ್ನಡ ಶಾಸನ. ಕ್ರಿ.ಶ. 949ರ ತಕ್ಕೋಲಂ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರ ಎಂಬ ವೀರನು ಮೆಚ್ಚುಗೆಯಾಗಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಆ ನಾಯಿ ಕಾಡುಹಂದಿಯೊಂದಿಗೆ ಸೆಣಸಿ, ಅದನ್ನು ಕೊಂದು ತಾನೂ ಪ್ರಾಣಬಿಟ್ಟಿತು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇಂದು ಪರಿಚಿತವಾಗಿರುವ ಹೆಚ್ಚಿನ ತಳಿಗಳ ಲಿಖಿತ ಮಾನದಂಡಗಳು 19ನೇ ಶತಮಾನದ ನಂತರ ಯುರೋಪಿನ ಶ್ವಾನಸಂಘಗಳು ರೂಪಿಸಿದವು.

ವಿದೇಶಿ ತಳಿಗಳು

ಜರ್ಮನ್ ಶೆಫರ್ಡ್: ಕುರಿ ಕಾಯುವ ನಾಯಿಗಳಿಂದ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಜ್ ಅವರು 1899ರಿಂದ ಅಭಿವೃದ್ಧಿಪಡಿಸಿದ ತಳಿ. ಗಂಡು ನಾಯಿ 60ರಿಂದ 65 ಸೆಂ.ಮೀ. ಎತ್ತರ ಮತ್ತು 30ರಿಂದ 40 ಕಿ.ಗ್ರಾಂ. ತೂಕವಿರುತ್ತದೆ. ಬೇಗ ಕಲಿಯುವ ಬುದ್ಧಿ ಮತ್ತು ಮನೆಯವರ ಮೇಲಿನ ನಿಷ್ಠೆ ಇದರ ವೈಶಿಷ್ಟ್ಯಗಳು. ಎರಡು ಪದರದ ದಟ್ಟ ಕೂದಲಿರುವುದರಿಂದ ಸೆಕೆಯ ಪ್ರದೇಶಗಳಲ್ಲಿ ನೆರಳು ಮತ್ತು ತಂಪು ಅಗತ್ಯ. ಸೊಂಟದ ಕೀಲು ಸರಿಯಾಗಿ ಕೂರದಿರುವ ಆನುವಂಶಿಕ ತೊಂದರೆ ಇದರಲ್ಲಿ ಸಾಮಾನ್ಯ.

ಡಾಬರ್‌ಮನ್: ಜರ್ಮನಿಯ ಅಪೋಲ್ಡಾ ಊರಿನಲ್ಲಿ ತೆರಿಗೆ ವಸೂಲಿ ಮಾಡುತ್ತಿದ್ದ ಕಾರ್ಲ್ ಫ್ರೀಡ್ರಿಶ್ ಲೂಯಿಸ್ ಡೋಬರ್‌ಮನ್ 19ನೇ ಶತಮಾನದ ಉತ್ತರಾರ್ಧದಲ್ಲಿ ತನ್ನ ರಕ್ಷಣೆಗಾಗಿ ಬೆಳೆಸಿದ ನಾಯಿಗಳಿಂದ ಈ ತಳಿ ಬಂದಿದೆ. ಮನುಷ್ಯರ ರಕ್ಷಣೆಗೆಂದೇ ರೂಪಿಸಿದ ಕೆಲವೇ ತಳಿಗಳಲ್ಲಿ ಇದೂ ಒಂದು. ಮನೆಯವರ ಸಾಮೀಪ್ಯವನ್ನು ಬಯಸುವ ಈ ನಾಯಿಯನ್ನು ಹಗಲಿಡೀ ಒಂಟಿಯಾಗಿ ಕಟ್ಟಿಹಾಕಿದರೆ ಅದು ಹಟಮಾರಿಯಾಗುತ್ತದೆ. ಹೃದಯದ ಸ್ನಾಯು ದುರ್ಬಲವಾಗುವ ಕಾಯಿಲೆ ಇದರ ಪ್ರಮುಖ ಆರೋಗ್ಯ ಸಮಸ್ಯೆ.

ರಾಟ್‌ವೀಲರ್: ಜರ್ಮನಿಯ ರಾಟ್‌ವೀಲ್ ಪಟ್ಟಣದ ಕಟುಕರು ದನಗಳನ್ನು ಹೊಡೆದುಕೊಂಡು ಹೋಗಲು ಬಳಸುತ್ತಿದ್ದ ನಾಯಿಗಳು ಇದರ ಮೂಲ. ಗಂಡು ನಾಯಿ ಸುಮಾರು 50 ಕಿ.ಗ್ರಾಂ. ತೂಗುತ್ತದೆ. ಒಳ್ಳೆಯ ತರಬೇತಿ ಪಡೆದ ರಾಟ್‌ವೀಲರ್ ಶಾಂತವಾಗಿ, ಆತ್ಮವಿಶ್ವಾಸದಿಂದ ಇರುತ್ತದೆ. ಆದರೆ ಅದರ ದೇಹಬಲದ ಕಾರಣದಿಂದ ಒಂದು ಸಣ್ಣ ತಪ್ಪೂ ದೊಡ್ಡ ಗಾಯಕ್ಕೆ ದಾರಿಯಾಗಬಹುದು. ಮೊದಲ ಬಾರಿಗೆ ನಾಯಿ ಸಾಕುವವರಿಗೆ ಇದು ಸೂಕ್ತವಲ್ಲ.

ಲ್ಯಾಬ್ರಡಾರ್ ರಿಟ್ರೀವರ್: ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಮೀನುಗಾರರ ನಾಯಿಗಳಿಂದ ಹುಟ್ಟಿ, ಬ್ರಿಟನ್ನಿನಲ್ಲಿ ಬೇಟೆಯ ಹಕ್ಕಿಗಳನ್ನು ಹೆಕ್ಕಿ ತರುವ ಕೆಲಸಕ್ಕೆ ಬೆಳೆದ ತಳಿ. ಮಕ್ಕಳೊಂದಿಗೂ ಅಪರಿಚಿತರೊಂದಿಗೂ ಬೇಗ ಬೆರೆಯುತ್ತದೆ. ಇದೇ ಗುಣದಿಂದ ಉತ್ತಮ ಸಂಗಾತಿಯೆನಿಸಿದರೂ ಕಾವಲಿಗೆ ಅಷ್ಟಾಗಿ ಒದಗುವುದಿಲ್ಲ. ಅತಿಯಾದ ಹಸಿವು ಮತ್ತು ಬೊಜ್ಜು ಇದರ ಸಾಮಾನ್ಯ ತೊಂದರೆಗಳು.

ಭಾರತೀಯ ತಳಿಗಳು

ಮುಧೋಳ: ಬಾಗಲಕೋಟೆ ಜಿಲ್ಲೆಯ ಮುಧೋಳ ಪ್ರದೇಶದ ಬೇಟೆನಾಯಿ. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ಕಾರವಾನ್ ಹೌಂಡ್ ಎಂಬ ಹೆಸರಿನಲ್ಲಿ ನೋಂದಾಯಿಸುತ್ತದೆ. ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆ ಇದರ ಸಂವರ್ಧನೆಗೆ ಕಾರಣರಾದರು. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಮುಧೋಳ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನು ನಡೆಸುತ್ತಿದೆ. ಭಾರತೀಯ ಅಂಚೆ ಇಲಾಖೆ 2005ರಲ್ಲಿ ಹೊರತಂದ ನಾಲ್ಕು ನಾಯಿ ತಳಿಗಳ ಅಂಚೆಚೀಟಿಗಳಲ್ಲಿ ಮುಧೋಳವೂ ಸೇರಿತ್ತು. ನೀಳ ತಲೆ, ಆಳವಾದ ಎದೆ, ಒಳಸೇರಿದ ಹೊಟ್ಟೆ ಮತ್ತು ಉದ್ದನೆಯ ಕಾಲುಗಳು ಇದರ ಲಕ್ಷಣಗಳು. ವಾಸನೆಗಿಂತ ದೃಷ್ಟಿಯನ್ನೇ ಹೆಚ್ಚು ನಂಬಿ ಬೇಟೆಯನ್ನು ಅಟ್ಟುತ್ತದೆ. ಮನೆಯವರಿಗೆ ನಿಷ್ಠವಾಗಿದ್ದು, ಅಪರಿಚಿತರು ಮುಟ್ಟುವುದನ್ನು ಇಷ್ಟಪಡುವುದಿಲ್ಲ. ಓಡಾಡಲು ಬಯಲಿರುವ ತೋಟದ ಮನೆಗಳಿಗೆ ಇದು ಒಪ್ಪುತ್ತದೆ. ಇಕ್ಕಟ್ಟಾದ ನಗರವಾಸಕ್ಕೆ ಒಗ್ಗುವುದು ಕಷ್ಟ. ಓಡುವ ಕೋಳಿ, ಬೆಕ್ಕು ಮತ್ತು ಆಡಿನ ಮರಿಗಳನ್ನು ಬೆನ್ನಟ್ಟುವ ಪ್ರವೃತ್ತಿಯನ್ನು ಗಮನದಲ್ಲಿಡಬೇಕು.

ರಾಜಪಾಳಯಂ: ತಮಿಳುನಾಡಿನ ವಿರುಧುನಗರ ಜಿಲ್ಲೆಯ ರಾಜಪಾಳಯಂ ಊರಿನ ಹೆಸರು ಹೊತ್ತ ಈ ತಳಿ ಸಾಮಾನ್ಯವಾಗಿ ಬಿಳಿ ಬಣ್ಣ ಮತ್ತು ಗುಲಾಬಿ ಮೂಗಿನಿಂದ ಗುರುತಿಸಲ್ಪಡುತ್ತದೆ. ಹಂದಿಬೇಟೆಗೆ ಮತ್ತು ಹೊಲಮನೆಗಳ ಕಾವಲಿಗೆ ಬಳಕೆಯಾಗುತ್ತಿತ್ತು. ಸಾಮಾನ್ಯವಾಗಿ ಒಬ್ಬನನ್ನೇ ಒಡೆಯನೆಂದು ಹಚ್ಚಿಕೊಳ್ಳುತ್ತದೆ. ಕೆಲವು ಮರಿಗಳು ಹುಟ್ಟುಕಿವುಡಾಗಿರುವುದರಿಂದ ಕೊಳ್ಳುವ ಮುನ್ನ ಪರೀಕ್ಷಿಸುವುದು ಅಗತ್ಯ.

ನಾಟಿ ನಾಯಿ: ಯಾವುದೇ ಸಂಘದ ಮಾನದಂಡಕ್ಕೆ ಒಳಪಡದೆ ಊರೂರಲ್ಲಿ ಬೆಳೆದುಬಂದ ನಾಯಿಗಳಿವು. ಸ್ಥಳೀಯ ಹವೆಗೆ ಹೊಂದಿಕೊಂಡಿದ್ದು, ಅತಿಯಾದ ಒಳಸಂತಾನದಿಂದ ಬರುವ ಕಾಯಿಲೆಗಳು ಕಡಿಮೆ. ಮರಿಯಿದ್ದಾಗಲೇ ತಂದು ಸಾಕಿದರೆ ಎಚ್ಚರಿಸುವ ಕೆಲಸವನ್ನೂ ಸಂಗಾತಿಯ ಪಾತ್ರವನ್ನೂ ಚೆನ್ನಾಗಿ ನಿರ್ವಹಿಸುತ್ತವೆ. ದತ್ತು ಪಡೆಯಲು ಸುಲಭವಾಗಿ ದೊರೆಯುತ್ತವೆ.

ತಳಿ ಮತ್ತು ಸ್ವಭಾವ

ತಳಿಯಿಂದ ನಾಯಿಯ ಗಾತ್ರ ಮತ್ತು ರೂಪವನ್ನು ಊಹಿಸುವಷ್ಟು ನಿಖರವಾಗಿ ಅದರ ನಡವಳಿಕೆಯನ್ನು ಊಹಿಸಲಾಗದು. 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿಯನ್ನು ಆಧರಿಸಿ 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬಿಡಿ ನಾಯಿಗಳ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ.

ಹುಟ್ಟಿದ 3ನೇ ವಾರದಿಂದ ಸುಮಾರು 12ರಿಂದ 14ನೇ ವಾರದವರೆಗಿನ ಅವಧಿ ಮರಿಯ ಸ್ವಭಾವ ರೂಪುಗೊಳ್ಳುವುದರಲ್ಲಿ ನಿರ್ಣಾಯಕ. ಈ ಕಾಲದಲ್ಲಿ ಮಕ್ಕಳು, ವೃದ್ಧರು, ಅಪರಿಚಿತರು, ವಾಹನಗಳ ಸದ್ದು ಮತ್ತು ಇತರ ಪ್ರಾಣಿಗಳ ಪರಿಚಯ ಹಿತಕರವಾಗಿ ಆದ ಮರಿ ಮುಂದೆ ಸಹಜವನ್ನೂ ಅಸಹಜವನ್ನೂ ಬೇರ್ಪಡಿಸಿ ನೋಡಬಲ್ಲದು. ಕಾವಲು ಚೆನ್ನಾಗಿರಲೆಂದು ಮರಿಯನ್ನು ಜನರಿಂದ ದೂರವಿಡುವುದು ಅಥವಾ ಸದಾ ಸರಪಳಿಯಲ್ಲಿ ಕಟ್ಟುವುದು ರೂಢಿಯಲ್ಲಿರುವ ತಪ್ಪು ಕ್ರಮ. ಹೀಗೆ ಬೆಳೆದ ನಾಯಿ ಭಯದಿಂದ ಕಚ್ಚುತ್ತದೆ. ಹೊಡೆದು ಬಡಿದು ಕಲಿಸುವುದರಿಂದಲೂ ಆಕ್ರಮಣಶೀಲತೆ ಹೆಚ್ಚುತ್ತದೆ.

ಆಯ್ಕೆಯ ಅಂಶಗಳು

ಮರಿಯನ್ನು ತರುವ ಮೊದಲು ಮನೆಯ ವಿಸ್ತಾರ, ಊರಿನ ಹವೆ, ದಿನವೂ ವ್ಯಾಯಾಮ ಮಾಡಿಸಲು ದೊರೆಯುವ ಸಮಯ, ಆಹಾರ ಹಾಗೂ ಪಶುವೈದ್ಯರ ವೆಚ್ಚ ಮತ್ತು ಮನೆಯಲ್ಲಿರುವ ಮಕ್ಕಳ ವಯಸ್ಸನ್ನು ಪರಿಗಣಿಸಬೇಕು. ನಾಯಿಯ ಆಯುಷ್ಯ ಸಾಮಾನ್ಯವಾಗಿ 10 ವರ್ಷಕ್ಕೂ ಹೆಚ್ಚಿರುವುದರಿಂದ ಇದು ದೀರ್ಘಕಾಲದ ಹೊಣೆ. ಸಾಧ್ಯವಾದರೆ ಮರಿಯ ತಾಯಿಯನ್ನು ನೋಡಿ ಅದರ ಸ್ವಭಾವ ತಿಳಿಯುವುದು ಉತ್ತಮ. ಹಿಮಾಲಯದಲ್ಲಿ ಮಂದೆ ಕಾಯುವ ದಟ್ಟ ಕೂದಲಿನ ನಾಯಿಗಳನ್ನು ಬಯಲುಸೀಮೆಯಲ್ಲಿ ಸಾಕುವುದು ಅವುಗಳಿಗೆ ಹಿಂಸೆ.

ಮಕ್ಕಳು ಮತ್ತು ಸುರಕ್ಷತೆ

ಮಕ್ಕಳನ್ನು ಕಚ್ಚುವ ನಾಯಿ ಹಲವು ಬಾರಿ ಮನೆಯದೋ ಪರಿಚಯದ್ದೋ ಆಗಿರುತ್ತದೆ. ಎಷ್ಟೇ ಸೌಮ್ಯ ತಳಿಯಾದರೂ ಪುಟ್ಟ ಮಕ್ಕಳನ್ನು ನಾಯಿಯೊಂದಿಗೆ ಒಂಟಿಯಾಗಿ ಬಿಡಬಾರದು. ಉಣ್ಣುತ್ತಿರುವ, ಮಲಗಿರುವ ಅಥವಾ ಮರಿ ಹಾಕಿದ ನಾಯಿಯನ್ನು ಕೆಣಕದಂತೆ ಮಕ್ಕಳಿಗೆ ತಿಳಿಹೇಳಬೇಕು. ನಾಯಿಗೆ ಮೂರು ತಿಂಗಳ ವಯಸ್ಸಿನಲ್ಲಿ ರೇಬೀಸ್ ಲಸಿಕೆ ಹಾಕಿಸಿ, ಪಶುವೈದ್ಯರ ಸಲಹೆಯಂತೆ ಮುಂದುವರಿಸಬೇಕು. ಕಚ್ಚಿದಾಗ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗುವುದು ಅವಶ್ಯ. ಲಕ್ಷಣಗಳು ಕಾಣಿಸಿಕೊಂಡ ನಂತರ ರೇಬೀಸ್ ಬಹುತೇಕ ಯಾವಾಗಲೂ ಮಾರಣಾಂತಿಕ.

ಕಾನೂನು

ಭಾರತದಲ್ಲಿ 2017ರ ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟ ನಿಯಮಗಳ ಪ್ರಕಾರ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಗಳನ್ನು ಮಾರುವಂತಿಲ್ಲ. ಸಾಕುಪ್ರಾಣಿಯಿಂದ ಇತರರ ಪ್ರಾಣಕ್ಕೆ ಅಪಾಯವಾಗದಂತೆ ಅಥವಾ ತೀವ್ರ ಗಾಯವಾಗದಂತೆ ಎಚ್ಚರ ವಹಿಸದಿರುವುದು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಅಪರಾಧ. ರಾಟ್‌ವೀಲರ್ ಸೇರಿದಂತೆ 23 ತಳಿಗಳನ್ನು ಅಪಾಯಕಾರಿ ಎಂದು ಗುರುತಿಸಿ, ಅವುಗಳ ಸಾಕಣೆ ಮತ್ತು ಮಾರಾಟವನ್ನು ನಿರ್ಬಂಧಿಸುವಂತೆ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತ್ತು. ಕರ್ನಾಟಕ ಉಚ್ಚ ನ್ಯಾಯಾಲಯವು ಅದೇ ವರ್ಷದ ಏಪ್ರಿಲ್‌ನಲ್ಲಿ ಈ ಸುತ್ತೋಲೆಯನ್ನು ರದ್ದುಪಡಿಸಿತು. ತಳಿ ಯಾವುದೇ ಇರಲಿ, ನಾಯಿಯ ವರ್ತನೆಯ ಹೊಣೆ ಅದನ್ನು ಸಾಕಿದವರದೇ ಆಗಿರುತ್ತದೆ.