ಊಟದ ಕರೆ ಮತ್ತು ನೊಗದ ಮಾತು

ಅವಿಶ್ವಾಸಿಗಳೊಡನೆ ಕ್ರೈಸ್ತನ ಸ್ನೇಹ ಎಲ್ಲಿಯವರೆಗೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ನಮ್ಮ ಸಭೆಗಳಲ್ಲಿ ಮೊದಲು ಕೇಳಿಬರುವುದು 2 ಕೊರಿಂಥ 6:14. ಇಜ್ಜೋಡಾಗಬಾರದೆಂಬ ಆ ಎಚ್ಚರಿಕೆಯನ್ನು ಎಳೆದೆಳೆದು, ನೆರೆಯವರ ಹಬ್ಬದ ದಿನ ಬಾಗಿಲು ಮುಚ್ಚಿಕೊಂಡಿರಬೇಕು ಎಂಬಲ್ಲಿಗೆ ತಂದು ನಿಲ್ಲಿಸಿದ ಬೋಧನೆಗಳನ್ನು ನಾವು ಕೇಳಿದ್ದೇವೆ. ಆದರೆ ಅಪೊಸ್ತಲನ ಹೋಲಿಕೆ ನೆರೆಹೊರೆಯದಲ್ಲ, ನೊಗದ್ದು. ಅಲ್ಲಿಯ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಬರುವುದಿಲ್ಲ. ಎತ್ತನ್ನೂ ಕತ್ತೆಯನ್ನೂ ಜೊತೆಗೆ ಕಟ್ಟಿ ಉಳಬಾರದೆಂಬ ಧರ್ಮೋಪದೇಶಕಾಂಡ 22:10ರ ವಿಧಿಯನ್ನು ಅದು ನೆನಪಿಗೆ ತರುತ್ತದೆ. ಒಂದೇ ನೊಗಕ್ಕೆ ಕಟ್ಟಿದ ಮೇಲೆ ಒಂದರ ಹೆಜ್ಜೆ ಇನ್ನೊಂದರ ದಿಕ್ಕನ್ನು ನಿರ್ಧರಿಸುತ್ತದೆ. ಒಂದೇ ಬದುವಿನಲ್ಲಿ ಮೇಯುವ ಎತ್ತು ಕತ್ತೆಗಳ ವಿಷಯದಲ್ಲಿ ಧರ್ಮಶಾಸ್ತ್ರವು ಏನನ್ನೂ ಹೇಳುವುದಿಲ್ಲ.

ಇದೇ ಸಭೆಗೆ ಪೌಲನು ಮೊದಲು ಬರೆದದ್ದನ್ನೂ ಗಮನಿಸಬೇಕು. ದುರ್ಮಾರ್ಗಿಗಳ ಸಹವಾಸ ಬೇಡವೆಂದು ತಾನು ಹೇಳಿದ್ದು ಲೋಕದವರ ವಿಷಯವಾಗಿ ಅಲ್ಲ, ಸಹೋದರನೆನಿಸಿಕೊಂಡು ಹಾಗೆ ನಡೆಯುವವನ ವಿಷಯವಾಗಿ ಎಂದು 1 ಕೊರಿಂಥ 5ರಲ್ಲಿ ತಿದ್ದಿ ಹೇಳುತ್ತಾನೆ. ಇಲ್ಲವಾದರೆ ಲೋಕವನ್ನೇ ಬಿಟ್ಟು ಹೋಗಬೇಕಾದೀತು. ನಾವಾದರೋ ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ. ಸಭೆಯೊಳಗಿನ ಲೋಭಿಗೆ ಮುಂದಿನ ಆಸನ, ಹೊರಗಿನ ಸಜ್ಜನನಿಗೆ ಸಂಶಯದ ನೋಟ.

ಸುಂಕದವರೊಡನೆ ಕರ್ತನು ಊಟಮಾಡಿದ್ದನ್ನು ಇಲ್ಲಿ ಉದಾಹರಿಸುವುದು ವಾಡಿಕೆ. ಆದರೆ ಅವರೂ ಇಸ್ರಾಯೇಲ್ಯರೇ. ನಮ್ಮ ಪರಿಸ್ಥಿತಿಗೆ ಕೊರಿಂಥವೇ ಹೆಚ್ಚು ಹತ್ತಿರ. ಅಲ್ಲಿಯ ಅಸ್ಕ್ಲೇಪಿಯ ದೇವಾಲಯದ ಉತ್ಖನನದಲ್ಲಿ ಭೋಜನಶಾಲೆಗಳು ದೊರೆತಿವೆ. ಈಜಿಪ್ತಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಚೀಟಿಗಳಲ್ಲಿ ಸೆರಾಪಿಸ್ ದೇವರ ಪಂಕ್ತಿಗೆ ಕರೆಯುವ ಆಹ್ವಾನಗಳಿವೆ. ಕೆಲವು ದೇವಾಲಯಕ್ಕೆ, ಕೆಲವು ಖಾಸಗಿ ಮನೆಗೇ. ಸ್ಥಳವೊಂದರಿಂದಲೇ ಎಲ್ಲೆಯನ್ನು ಗುರುತಿಸಲು ಆಗುತ್ತಿರಲಿಲ್ಲ. ಪೌಲನು 10ನೆಯ ಅಧ್ಯಾಯದಲ್ಲಿ ಎಲ್ಲೆಯನ್ನು ಬೇರೆ ರೀತಿಯಲ್ಲಿ ಎಳೆಯುತ್ತಾನೆ. ಕರ್ತನ ಮೇಜಿನಲ್ಲಿ ಪಾಲುಗೊಂಡವನು ಬೇರೊಂದು ಆರಾಧನೆಯ ಮೇಜಿನಲ್ಲಿ ಪಾಲುಗೊಳ್ಳಲಾರನು. ಆದರೆ ಅವಿಶ್ವಾಸಿಯೊಬ್ಬನು ಊಟಕ್ಕೆ ಕರೆದಾಗ ಮನಸ್ಸಿದ್ದರೆ ಹೋಗಬಹುದು, ಬಡಿಸಿದ್ದನ್ನು ವಿಚಾರಿಸದೆ ತಿನ್ನಬಹುದು. ಇದು ಅರ್ಪಿತವಾದದ್ದು ಎಂದು ಯಾರಾದರೂ ಹೇಳಿದರೆ ಮಾತ್ರ, ಹೇಳಿದವನ ಮನಸ್ಸಾಕ್ಷಿಯ ನಿಮಿತ್ತ, ತಿನ್ನಬಾರದು. ಇಲ್ಲಿ ಭಯವಿರುವುದು ಆಹಾರದ ಬಗ್ಗೆ ಅಲ್ಲ. ನಮ್ಮ ಕೃತ್ಯವು ಎದುರಿಗಿರುವವನಿಗೆ ಏನನ್ನು ಹೇಳುತ್ತದೆ ಎಂಬುದರ ಬಗ್ಗೆ. ಪ್ರಸಾದವನ್ನು ಸ್ನೇಹದ ಕುರುಹೆಂದು ಮಾತ್ರ ಸ್ವೀಕರಿಸುವ ಬೋಧಕರು ನಮ್ಮಲ್ಲಿದ್ದಾರೆ. ಅವರ ಪ್ರೀತಿಯನ್ನು ಗೌರವಿಸುತ್ತೇವೆ, ಆದರೆ ಒಪ್ಪಲಾರೆವು. ಕೊಡುವವರಿಗೆ ಅದು ಕುರುಹಲ್ಲ, ದೇವರ ಅನುಗ್ರಹ. ಅವರ ನಂಬಿಕೆಯನ್ನು ಹಗುರವಾಗಿ ಎಣಿಸುವುದು ಸ್ನೇಹವೂ ಅಲ್ಲ.

ಇನ್ನೊಂದು ಅಪಾಯವೂ ಉಂಟು. ಸ್ನೇಹವನ್ನು ಗಾಳವನ್ನಾಗಿ ಮಾಡಿಕೊಂಡು, ಆರು ತಿಂಗಳಲ್ಲಿ ಮೀನು ಸಿಗದಿದ್ದರೆ ಬೇರೆ ಕೆರೆಗೆ ಹೋಗುವುದು. ಸಾಕ್ಷಿ ಹೇಳಬೇಕು, ನಿಜ. ಆದರೆ ಲೆಕ್ಕವಿಟ್ಟ ಪ್ರೀತಿಯನ್ನು ಜನರು ಬೇಗ ಗುರುತಿಸುತ್ತಾರೆ.

ದೃಢತೆ ಎಲ್ಲಿಂದ ಬರುತ್ತದೆ? ದಾನಿಯೇಲನು ಕಸ್ದೀಯರ ಭಾಷೆಯನ್ನೂ ಪಾಂಡಿತ್ಯವನ್ನೂ ಕಲಿತನು, ಅರಸನ ಭೋಜನವನ್ನು ಬಿಡುವಾಗಲೂ ಕಂಚುಕಿಯರ ಅಧ್ಯಕ್ಷನನ್ನು ವಿನಯದಿಂದ ಬೇಡಿಕೊಂಡನು. ಯೆರೂಸಲೇಮಿನ ಕಡೆಗೆ ತೆರೆದ ಕಿಟಕಿಯ ಮುಂದೆ ದಿನಕ್ಕೆ ಮೂರಾವರ್ತಿ ಮೊಣಕಾಲೂರುವುದು ಅವನಿಗೆ ಮೊದಲಿನಿಂದಲೂ ಇದ್ದ ರೂಢಿ. ರಾಜಾಜ್ಞೆ ಹೊರಟ ಮೇಲೆ ಹೊಸದಾಗಿ ಹುಟ್ಟಿದ್ದಲ್ಲ.

ನಮ್ಮ ಸಭೆಯ ಯುವಕನೊಬ್ಬನು ಗೆಳೆಯನ ಮನೆಯ ಗೃಹಪ್ರವೇಶಕ್ಕೆ ಹೋಗಬಹುದೇ ಎಂದು ಕೇಳಿದನು. ಅವನ ತಾಯಿ ತೀರಿಕೊಂಡಾಗ ಆ ಗೆಳೆಯನು ಹೂಳುವವರೆಗೂ ಸಮಾಧಿಯ ಬಳಿ ನಿಂತಿದ್ದವನು. ಹೋಗು, ಆದರೆ ಪೂಜೆಯಲ್ಲಿ ಪಾಲುಗೊಳ್ಳಲಾರೆನೆಂಬುದನ್ನು ಅಲ್ಲಿ ಎಲ್ಲರೆದುರು ಅಲ್ಲ, ಮೊದಲೇ ಅವನೊಬ್ಬನಿಗೆ ಹೇಳು ಎಂದೆವು. ಅವನು ಹಾಗೆಯೇ ಮಾಡಿದನು. ಗೆಳೆಯನ ತಾಯಿ ನೈವೇದ್ಯಕ್ಕೆ ಮುಂಚೆಯೇ ಒಂದು ಡಬ್ಬಿಯಷ್ಟು ಹೋಳಿಗೆಯನ್ನು ಅವನಿಗಾಗಿ ಬೇರೆ ತೆಗೆದಿಟ್ಟಿದ್ದರು.